ಬಾಕಿ ಉಳಿದ ನಗು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳಲು ನನಗಿಂತ ತಕ್ಕವರು ಬರ್ಲಿನ್ನಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಮಾತು ಇದರ ಹತ್ತಿರ ಬಂತೆಂದರೆ ಅವರೆಲ್ಲ ಹವಾಮಾನದ ಸುದ್ದಿ ತೆಗೆಯುತ್ತಾರೆ. ಹಾಗಾಗಿ ಧೈರ್ಯ ಮಾಡಿದ್ದೇನೆ. ಕೇಳಿದ್ದನ್ನು ಕೇಳಿದ ಹಾಗೆಯೇ ಇಟ್ಟಿದ್ದೇನೆ ಎಂದುಕೊಂಡಿದ್ದೇನೆ. ಎಲ್ಲಾದರೂ ಹೆಚ್ಚುಕಮ್ಮಿಯಾಗಿದ್ದರೆ ತಪ್ಪು ನನ್ನದು, ರೋಸ್ವಿತಾಳದಲ್ಲ.

ರೋಸ್ವಿತಾ ಕೆಂಪಿನ್ ಕಂಠದಾನ ಕಲಾವಿದೆ. ಅಮೆರಿಕದ ನಟಿ ಡೆಲಾ ಮಾರ್ಶಮ್ ಜರ್ಮನಿಯ ಪರದೆಯ ಮೇಲೆ ಬಾಯಿ ತೆರೆದಾಗಲೆಲ್ಲ ಕೇಳಿಸುತ್ತಿದ್ದುದು ಇವಳ ದನಿ. ಇಬ್ಬರೂ ಹುಡುಗಿಯರಾಗಿದ್ದಾಗ ಶುರುವಾದ ನಂಟು ಅದು. ಈಗ ಇಬ್ಬರಿಗೂ ಮಂಡಿನೋವು. ಒಮ್ಮೆಯೂ ಒಬ್ಬರನ್ನೊಬ್ಬರು ಕಂಡವರಲ್ಲ. ಜರ್ಮನಿಯಲ್ಲಿ ಒಂದು ಮುಖಕ್ಕೆ ಒಂದು ದನಿ ಎಂದು ಗಂಟು ಬಿದ್ದರೆ ಅದು ಸಾಯುವವರೆಗಿನ ಗಂಟು. ಬೇರೆ ದನಿ ಹಾಕಿದರೆ ಟಿಕೆಟ್ ಕೊಂಡವರು ಕಳ್ಳನೋಟು ಕೈಗೆ ಬಂದವರ ಹಾಗೆ ಮುಖ ಮಾಡುತ್ತಾರೆ. ರೋಸ್ವಿತಾಳ ಮನೆಯ ಕೆಳಗಿನ ಬೇಕರಿಯ ಹೆಂಗಸಂತೂ ಇವಳು ಬಾಗಿಲಲ್ಲಿ ಕಂಡ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. “ನೋಡಿದ್ರೆ ನೀವು. ಕಣ್ಮುಚ್ಚಿದ್ರೆ ಡೆಲಾ. ಹೇಳಿ ಡೆಲಾ ಮೇಡಂ, ಎಷ್ಟು ಬನ್ನು?”

ಆದ್ದರಿಂದ ಬರುವ ವರ್ಷ ಯಾವ ಯಾವ ಸಿನಿಮಾ ಬರುತ್ತದೆ ಎನ್ನುವುದು ಊರಿನವರಿಗೆಲ್ಲ ಖುಷಿಯ ಸುದ್ದಿಯಾದರೆ, ಈ ಕಸುಬಿನವರಿಗೆ ಜಾತಕ. ತನ್ನ ಮುಖ ಕುದುರೆಯಿಂದ ಬಿದ್ದಿತೇ, ಕುಡಿತಕ್ಕೆ ಬಿದ್ದಿತೇ, ಸನ್ಯಾಸ ತೆಗೆದುಕೊಂಡಿತೇ ಎಂದು ಇಲ್ಲಿ ದನಿ ಕೂತು ಚಿಂತಿಸುತ್ತದೆ.

ವರ್ಷದ ಕೊನೆಯ ದಿನ ಮಧ್ಯಾಹ್ನ ಅವರೆಲ್ಲ ಆಲ್ಮುಟ್‌ಳ ಅಡುಗೆಮನೆಯಲ್ಲಿ ಸೇರುವುದು ವಾಡಿಕೆ. ಆಲ್ಮುಟ್ ಸಂಕಲನದವಳು. ತುಟಿಗೂ ಮಾತಿಗೂ ಕೂದಲೆಳೆಯಷ್ಟು ಸಂದು ಬಿದ್ದರೂ ಅವಳಿಗೆ ಹಲ್ಲಿನಲ್ಲಿ ನಾರು ಸಿಕ್ಕಿದಂತಾಗುತ್ತದೆ. ಆ ಸಲ ಮೂವರೇ ಇದ್ದರು: ಆಲ್ಮುಟ್, ರೋಸ್ವಿತಾ, ಮತ್ತು ಡಬ್ಬಿಂಗ್ ನಿರ್ದೇಶಕ ಡೆಟ್ಲೆಫ್. ಹೊಟ್ಟೆಯೂ ದೊಡ್ಡದು, ಬಾಯಿಯೂ ದೊಡ್ಡದು ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದ. ಉಳಿದವರಿಗೆ ಜ್ವರ. ಮೇಜಿನ ಮೇಲೆ ಆಲೂಗಡ್ಡೆಯ ಸಲಾಡು, ಸಾಸೇಜು, ಒಳಗೆ ಜಾಮು ತುಂಬಿದ ಕರಿದ ಬನ್ನುಗಳು. ಅವುಗಳಲ್ಲಿ ಒಂದಕ್ಕೆ ಮಾತ್ರ ಜಾಮಿನ ಬದಲು ಅರೆದ ಖಾರದ ಸಾಸಿವೆ ತುಂಬಿಡುವುದು ಆ ದಿನದ ತಮಾಷೆ.

ಡೆಟ್ಲೆಫ್ ಫೋನು ನೋಡುತ್ತ ಬರಲಿರುವ ಚಿತ್ರಗಳನ್ನು ಕೂಗಿ ಹೇಳುತ್ತಿದ್ದ. “ರೋಸಿ, ನಿನ್ನ ಡೆಲಾದು ನವೆಂಬರಿನಲ್ಲಿ ಒಂದಿದೆ. ಹೆಸರು ಗುಟ್ಟಂತೆ. ನಮಗೆ ಬರೋ ಪ್ರತಿ ಮೇಲೆ ‘ಮೂಲಂಗಿ’ ಅಂತ ಸುಳ್ಳು ಹೆಸರು ಬರ್ದಿರುತ್ತೆ.”

“ಮೂಲಂಗಿನಾ? ಇಷ್ಟು ವರ್ಷ ಗಂಟಲು ಹರ್ಕೊಂಡು ಕೊನೆಗೆ ಮೂಲಂಗಿಗೆ ಬಂದ್ನಾ?”

“ಹೋದ ಸಲ ಕೋಸುಗಡ್ಡೆ ಆಗಿದ್ಯಲ್ಲ. ಬಡ್ತಿ ಅಂದ್ಕೋ.”

“ಅದಾದ್ಮೇಲೆ?” ಎಂದಳು ರೋಸ್ವಿತಾ. ಅವಳಿಗೆ ಬೇಕಾಗಿದ್ದುದು ಅದೇ ಪ್ರಶ್ನೆಯ ಉತ್ತರ.

“ಅದಾದ್ಮೇಲೆ ಇನ್ನೂ ಎರಡು ಮಾಡ್ತಿದಾಳೆ. ಉಸಿರು ಬಿಡು. ನಿನ್ನ ಮುಖ ಗಟ್ಟಿಯಾಗಿದೆ.”

ಆಮೇಲೆ ಮೇಣ ಕರಗಿಸಿದರು. ಮೇಣದ ಚೂರನ್ನು ಚಮಚದಲ್ಲಿಟ್ಟು, ದೀಪದ ಮೇಲೆ ಹಿಡಿದು, ಕರಗಿದ್ದನ್ನು ತಣ್ಣೀರಿಗೆ ಸುರಿಯುವುದು. ಬಿದ್ದ ಆಕಾರ ಬರುವ ವರ್ಷದ ಸುದ್ದಿ ಹೇಳುತ್ತದೆ. ರೋಸ್ವಿತಾಳ ಮೇಣ ಬಟ್ಟಲಲ್ಲಿ ಒಂದು ಬಳೆಯಂತೆ, ಅಂಚು ಸ್ವಲ್ಪ ಸೊಟ್ಟಗೆ, ಗಟ್ಟಿಯಾಯಿತು.

“ಉಂಗುರ! ಗಂಡು ಸಿಕ್ತಾನೆ ಬಿಡು,” ಎಂದ ಡೆಟ್ಲೆಫ್.

ಆಲ್ಮುಟ್ ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. “ಉಂಗುರ ಅಲ್ಲ ಇದು. ಬಾಯಿ.”

“ತಿನ್ನೋ ಬಾಯೋ, ಬೈಯೋ ಬಾಯೋ?”

“ಎರಡೂ ಅಲ್ಲ. ಸುಮ್ನೆ ತೆರ್ಕೊಂಡಿದೆ.”

ಯಾರೂ ನಗಲಿಲ್ಲ. ಅಷ್ಟರಲ್ಲಿ ಡೆಟ್ಲೆಫ್‌ನ ಹಲ್ಲು ಸಾಸಿವೆಯ ಬನ್ನಿಗೆ ಬಿತ್ತು. ಅವನು ಕಣ್ಣೀರಿಡುತ್ತ ಕುಣಿಯತೊಡಗಿದಾಗ ಹೆಂಗಸರಿಬ್ಬರೂ ಹೊಟ್ಟೆ ಹಿಡಿದು ನಕ್ಕರು. ರೋಸ್ವಿತಾ ಇನ್ನೂ ಜೋರಾಗಿ ನಕ್ಕಳು. ಆ ನಗುವನ್ನು ಮುಂದೆ ಅವಳು ಎಷ್ಟೋ ಸಲ ನೆನೆಸಿಕೊಳ್ಳಬೇಕಾಯಿತು.

ಫೆಬ್ರವರಿಯಲ್ಲಿ ‘ಮೂಲಂಗಿ’ ಬಂತು. ಚಿತ್ರ ಬಿಡುಗಡೆಗೆ ಮುಂಚೆ ಕಳುವಾಗದಿರಲಿ ಎಂದು ಅಮೆರಿಕದವರು ಪರದೆಯನ್ನೆಲ್ಲ ಕಪ್ಪು ಮಾಡಿ, ಮಾತಾಡುವವರ ಬಾಯಿಯಷ್ಟಕ್ಕೆ ಒಂದು ದುಂಡನೆಯ ಕಿಂಡಿ ಬಿಟ್ಟು ಕಳಿಸಿದ್ದರು. ಕತ್ತಲಲ್ಲಿ ಒಂದು ಬಾಯಿ. ಅದು ಎಲ್ಲಿದೆ, ಯಾರ ಜೊತೆ ಇದೆ, ಕಣ್ಣಲ್ಲಿ ನೀರಿದೆಯೋ ಇಲ್ಲವೋ, ಏನೂ ಕಾಣದು. ಕಾಗದದ ಮೇಲೂ ಬರಿಯ ಮಾತುಗಳು. ಕೊನೆಯ ಭಾಗದ ಕಥೆಯನ್ನು ಡೆಟ್ಲೆಫ್‌ಗೂ ಹೇಳಿರಲಿಲ್ಲ.

ರೋಸ್ವಿತಾಳಿಗೆ ಆ ಬಾಯಿ ತನ್ನ ಬಾಯಿಗಿಂತ ಚೆನ್ನಾಗಿ ಗೊತ್ತು. ಮೇಲ್ದುಟಿಯ ಎಡಮೂಲೆ ಮೊದಲು ಏಳುತ್ತದೆ. ಮಾತಿಗೆ ಮುಂಚೆ, ಗಂಟಲಿಗೆ ಸಿಕ್ಕ ರೊಟ್ಟಿಯ ಪುಡಿಯನ್ನು ನುಂಗಿದ ಹಾಗೆ, ಸಣ್ಣದೊಂದು ಉಸಿರಿನ ತಡೆ. ಆ ತಡೆಯನ್ನು ಹಿಡಿಯುವುದೇ ಅವಳ ಕಸುಬಿನ ಗುಟ್ಟು. ಮಿಕ್ಕ ಮಾತು ತಾನಾಗಿ ಹಿಂದೆ ಬರುತ್ತಿತ್ತು. ಈಗ ತುಟಿಯ ಸುತ್ತ ಗೆರೆಗಳು ಹೆಚ್ಚಾಗಿದ್ದವು. ‘ನನ್ನ ಹಾಗೇ ಆಗಿದ್ದೀಯ’ ಎಂದುಕೊಂಡಳು.

ಡಬ್ಬಿಂಗಿನಲ್ಲಿ ಕಥೆಯ ಕ್ರಮ ಇರುವುದಿಲ್ಲ. ಬೆಳಿಗ್ಗೆ ವಿಧವೆಯಾಗಿ ಅತ್ತು, ಊಟವಾದ ಮೇಲೆ ಮದುಮಗಳಾಗಿ ನಾಚಬೇಕು. ಹೀಗಿರುವುದರಿಂದ ಆ ಸ್ಟುಡಿಯೋದಲ್ಲಿ ಒಂದು ಕಟ್ಟಳೆಯಿತ್ತು. ಸಾಯುವ ದೃಶ್ಯಕ್ಕೆ ದನಿ ಕೊಟ್ಟ ದಿನ ಸತ್ತವಳಾಗಿ ಮನೆಗೆ ಹೋಗಬಾರದು. ಕೊನೆಗೆ ಮೈಕಿನ ಮುಂದೆ ನಿಂತು ಒಂದು ನಗು ನಕ್ಕೇ ಹೊರಡಬೇಕು. “ನಿನ್ನ ಉಸಿರು ವಾಪಸ್ ತಗೊಂಡು ಹೋಗು,” ಎನ್ನುತ್ತಿದ್ದಳಂತೆ ಸ್ಟುಡಿಯೋ ಕಟ್ಟಿದ ಮುದುಕಿ. ಯಾಕೆ ಎಂದು ಯಾರೂ ಕೇಳಿದವರಲ್ಲ, ಮೀರಿದವರೂ ಇಲ್ಲ. ದೀಪ ಹಚ್ಚಿದ ಮೇಲೆ ನಾವು ಕಸ ಗುಡಿಸುವುದಿಲ್ಲವಲ್ಲ, ಹಾಗೆ.

ಕೊನೆಯ ದಿನದ ಕೊನೆಯ ಟೇಕ್ ಏನೂ ಕಷ್ಟದ್ದಲ್ಲ. ಕಿಂಡಿಯಲ್ಲಿ ಬಾಯಿ ಕಂಡಿತು. ತಡೆ ಬಂತು. ರೋಸ್ವಿತಾ ಹೇಳಿದಳು: “ಬಾಗಿಲು ತೆಗೆದೇ ಇಡು. ಈಗ ಬಂದೆ.”

ಬಾಯಿ ಮುಚ್ಚಿತು. ಮತ್ತೆ ತೆರೆಯಿತು. ತೆರೆದೇ ನಿಂತಿತು. ಎಡಮೂಲೆ ಏಳಲಿಲ್ಲ, ತುಟಿ ಅಲುಗಲಿಲ್ಲ. ಏನನ್ನೋ ಕಾಯುತ್ತಿರುವ ಹಾಗೆ ಬರಿದೇ ತೆರೆದಿತ್ತು. ರೋಸ್ವಿತಾ ಗಡಿಬಿಡಿಯಿಂದ ಕಾಗದ ನೋಡಿದಳು. ಅದರಲ್ಲಿ ಮುಂದೆ ಏನೂ ಇರಲಿಲ್ಲ. ಕಿಂಡಿ ಕಪ್ಪಾಯಿತು.

“ಇಲ್ಲೇನೋ ಮಾತು ಬಿಟ್ಟುಹೋಗಿದೆ,” ಎಂದಳು.

“ಇಲ್ಲ, ಮೂಲದಲ್ಲೂ ಮೌನವೇ,” ಗಾಜಿನಾಚೆಯಿಂದ ಡೆಟ್ಲೆಫ್ ಹೇಳಿದ. “ಮುಗೀತು ಕಣೇ. ಮೂಲಂಗಿ ಬೆಂದಾಯ್ತು.”

ಆಲ್ಮುಟ್ ಮಾತ್ರ ಪರದೆಯನ್ನೇ ನೋಡುತ್ತಿದ್ದಳು. “ರೋಸಿ, ಯಾಕೋ ಸರಿ ಕಾಣ್ತಿಲ್ಲ. ಒಂದ್ಸಲ ನಕ್ಬಿಟ್ಟು ಹೋಗು.”

“ಬಾಗಿಲು ತೆಗಿ ಅನ್ನೋ ಮಾತಿಗೂ ನಗ್ಬೇಕಾ? ಈಗ ಸತ್ತಿದ್ದು ಯಾರು?”

“ಯಾರಿಗ್ಗೊತ್ತು? ನಮಗೆ ಬಾಯಿ ಬಿಟ್ರೆ ಇನ್ನೇನು ಕಾಣುತ್ತೆ? ನಕ್ರೆ ನಿನ್ನ ಗಂಟೇನು ಹೋಗುತ್ತೆ?”

“ಹೊರಗೆ ಹಿಮ ಬೀಳ್ತಿದೆ, ರೈಲು ನಿಂತ್ರೆ ನಾನಿಲ್ಲೇ. ನಾಳೆ ಫೋನಲ್ಲಿ ನಗ್ತೀನಿ, ಹಿಡಿದಿಟ್ಕೋ,” ಎಂದು ರೋಸ್ವಿತಾ ಕೋಟು ಏರಿಸಿ ಹೊರಟೇಬಿಟ್ಟಳು.

ಮರುದಿನ ಬೆಳಿಗ್ಗೆ ಅವಳ ಬೆಕ್ಕು ಮೇಜಿನ ಮೇಲೆ ಹಾರಿ ಬೆಣ್ಣೆಗೆ ಬಾಯಿ ಹಾಕಿತು. ಗದರಿಸಲು ಹೋದಳು. ದನಿ ಇಲ್ಲ. ಗಂಟಲು ನೋವಿಲ್ಲ, ಶೀತವಿಲ್ಲ, ದನಿ ಮಾತ್ರ ಇಲ್ಲ. ಬರಿಯ ಗಾಳಿ ಬಂತು. ಬೆಕ್ಕು ಕಿವಿ ತಿರುಗಿಸಿ ಹೊರಬಾಗಿಲ ಕಡೆ ನೋಡಿತು, ಯಾರೋ ಅಲ್ಲಿಂದ ಕರೆದರು ಎಂಬಂತೆ.

ಕಂಠದ ವೈದ್ಯೆ ಬೆಳಕಿನ ಕೊಳವೆ ಇಳಿಸಿ ನೋಡಿದರು. “ಎಲ್ಲ ಸರಿಯಾಗಿದೆ, ಹದಿನೆಂಟರ ಹುಡುಗಿ ಗಂಟಲು ನಿಮ್ದು. ಯಾಕೆ ಶಬ್ದ ಹೊರಡ್ತಿಲ್ವೋ ನಂಗೇ ಅರ್ಥ ಆಗ್ತಿಲ್ಲ. ಕಾಯೋಣ,” ಎಂದರು. ಕಾದರು. ಚಳಿ ಹೋಯಿತು, ಮರಗಳು ಚಿಗುರಿದವು. ಬೇಕರಿಯಲ್ಲಿ ರೋಸ್ವಿತಾ ಬೆರಳು ತೋರಿಸಿ ಬನ್ನು ಕೊಳ್ಳುತ್ತಿದ್ದಳು. ಬೇಕರಿಯವಳು ಈಗ ಕಣ್ಣು ಮುಚ್ಚುತ್ತಿರಲಿಲ್ಲ.

ಏಪ್ರಿಲ್ಲಿನಲ್ಲಿ ಆಲ್ಮುಟ್ ಅವಳನ್ನು ಎಳೆದುಕೊಂಡು ಸ್ಟುಡಿಯೋಗೆ ಹೋದಳು. ಬಾಕಿಯಿದ್ದ ನಗುವನ್ನು ತೀರಿಸಿಬಿಡಲಿ ಎಂದು ಮೈಕಿನ ಮುಂದೆ ನಿಲ್ಲಿಸಿದರು. ರೋಸ್ವಿತಾ ಬಾಯಿ ತೆರೆದಳು, ಭುಜ ಕುಣಿಸಿದಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಯಂತ್ರದ ಮುಳ್ಳು ಅಲುಗಲಿಲ್ಲ.

“ಹಳೇ ಸಿನಿಮಾದಲ್ಲಿ ಇವಳ ನಗು ರಾಶಿ ಇದೆ. ಒಂದು ಹಾಕಿದ್ರೆ?” ಎಂದಳು ಆಲ್ಮುಟ್.

ಡೆಟ್ಲೆಫ್ ಆಗದೆಂದು ತಲೆಯಾಡಿಸಿದ. ಅವತ್ತು ಅವನು ತಮಾಷೆಯ ಒಂದು ಮಾತನ್ನೂ ಆಡಿರಲಿಲ್ಲ. “ಅವೆಲ್ಲ ಆಗ್ಲೇ ಖರ್ಚಾಗಿರೋ ನಗು.”

ಮನೆಗೆ ಬರುತ್ತ ರೈಲಿನಲ್ಲಿ ರೋಸ್ವಿತಾಳ ಮನಸ್ಸಿಗೆ ಒಂದು ಲೆಕ್ಕ ಹೊಳೆಯಿತು. ಆಮೇಲೆ ಅದು ಬಿಡಲೇ ಇಲ್ಲ. ನವೆಂಬರಿನಲ್ಲಿ ಆ ಚಿತ್ರ ಬಂದಾಗ ಮುಖ ಕಾಣುತ್ತದೆ. ಬಾಗಿಲಿನ ಆ ಮಾತಾದ ಮೇಲೆ ಚಿತ್ರದ ಹೆಂಗಸು ಬದುಕಿದ್ದರೆ, ಇದು ಬರಿಯ ಕಾಯಿಲೆ. ಬಂದ ಹಾಗೇ ಹೋದೀತು. ಸತ್ತಿದ್ದರೆ, ತಾನು ಉಸಿರನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ಅದು ಇನ್ನು ತನ್ನದಲ್ಲ. ರಾತ್ರಿ ಕಾಲೇಜಿನಲ್ಲಿ ಕೂತು ಪದವಿ ಪಡೆದವಳು ಅವಳು. ಇಂಥ ನಂಬಿಕೆಗೆ ತನಗೇ ನಾಚಿಕೆಯಾಗುತ್ತಿತ್ತು. ನಾಚಿಕೆಯಾಯಿತೆಂದು ಹೆದರಿಕೆ ಕಡಿಮೆಯಾಗಲಿಲ್ಲ. ಸ್ಟುಡಿಯೋದವರು ಸೌಮ್ಯವಾಗಿಯೇ ಹೇಳಿದ್ದರು: ವರ್ಷದ ಕೊನೆಯವರೆಗೆ ಕಾಯುತ್ತೇವೆ. ಆಮೇಲೆ ಡೆಲಾಳ ಉಳಿದೆರಡು ಚಿತ್ರಗಳಿಗೆ ಬೇರೆ ದನಿ ಹುಡುಕಲೇಬೇಕು.

ಜೀವಮಾನವಿಡೀ ಡೆಲಾಳ ಬಿಡುಗಡೆಗಳನ್ನು ಕಾದಿದ್ದಳು. ಈಗ ಒಂದೇ ಬಿಡುಗಡೆಯನ್ನು ಬೇಗ ಬರಲಿ ಎಂದೂ ಬಾರದೇ ಇರಲಿ ಎಂದೂ ಒಟ್ಟಿಗೇ ಬೇಡಿಕೊಳ್ಳುತ್ತಿದ್ದಳು.

ಆಗಸ್ಟಿನ ಒಂದು ಸಂಜೆ ಆಲ್ಮುಟ್ ಅವಳನ್ನು ಪಾರ್ಕಿನ ಬಯಲು ಚಿತ್ರಮಂದಿರಕ್ಕೆ ಕರೆದೊಯ್ದಳು. ಆಕಾಶದಲ್ಲಿ ಇನ್ನೂ ಬೆಳಕಿತ್ತು. ಹಳೆಯ ಹಾಸ್ಯಚಿತ್ರವೊಂದನ್ನು ನೋಡಲು ಹೋದವರಿಗೆ ಮೊದಲು ಎದುರಾದದ್ದು ಟ್ರೇಲರ್. ಸಮುದ್ರ, ಒಂಟಿ ಮನೆ, ಬೆನ್ನು ಹಾಕಿ ನಿಂತ ಹೆಂಗಸು. ಮುಖ ತೋರಿಸಲಿಲ್ಲ. ದನಿ ಮಾತ್ರ ಮರಗಳ ನಡುವೆ ಹರಡಿತು: “ಬಾಗಿಲು ತೆಗೆದೇ ಇಡು. ಈಗ ಬಂದೆ.”

ರೋಸ್ವಿತಾಳ ಕೈ ತಾನಾಗಿ ಗಂಟಲಿಗೆ ಹೋಯಿತು. ಬೆರಳಿನ ಕೆಳಗೆ ಗಂಟಲು ನಡುಗುತ್ತಿತ್ತು. ಮಾತಾಡುವಾಗ ಹೇಗೆ ನಡುಗಬೇಕೋ ಹಾಗೇ, ಮಾತಿನ ಅಳತೆಗೆ ಸರಿಯಾಗಿ. ಪರದೆಯ ದನಿ ನಿಂತಾಗ ಅದೂ ನಿಂತಿತು.

ಮುಂದಿನ ಸಾಲಿನ ಹುಡುಗಿ ಗೆಳೆಯನಿಗೆ ಹೇಳುತ್ತಿದ್ದಳು: “ಆ ದನಿ ಕೇಳಿದ್ರೆ ಮೈ ಜುಂ ಅನ್ನುತ್ತೆ ಅಲ್ವಾ?”

ರೋಸ್ವಿತಾ ಆಲ್ಮುಟ್‌ಳ ಕೈ ಹಿಡಿದು ತನ್ನ ಕತ್ತಿಗೆ ಒತ್ತಿಕೊಂಡಳು. ಆದರೆ ಆ ಹೊತ್ತಿಗೆ ಪರದೆಯ ಮೇಲೆ ಐಸ್‌ಕ್ರೀಮಿನ ಜಾಹೀರಾತು ಓಡುತ್ತಿತ್ತು. “ಏನೇ? ಏನಾಯ್ತು? ಚಳಿನಾ?” ಎಂದು ಕೇಳಿದ ಆಲ್ಮುಟ್‌ಳ ಬೆರಳಿಗೆ ನಾಡಿಯ ಬಡಿತ ಬಿಟ್ಟು ಬೇರೇನೂ ಸಿಗಲಿಲ್ಲ.

ನವೆಂಬರ್ ಬಂತು. ಟ್ರಾಮಿನ ನಿಲ್ದಾಣಗಳ ಪೋಸ್ಟರುಗಳಲ್ಲೆಲ್ಲ ಡೆಲಾಳ ಬೆನ್ನು. ಮೊದಲ ದಿನದ ಗದ್ದಲ ಬೇಡವೆಂದು ಮೂವರೂ ವಾರದ ನಡುವಿನ ಒಂದು ಮಧ್ಯಾಹ್ನದ ಆಟಕ್ಕೆ ಹೋದರು. ಬಡಾವಣೆಯ ಹಳೆಯ ಟಾಕೀಸು. ಅಲ್ಲಲ್ಲಿ ಒಬ್ಬೊಬ್ಬರು ಕೂತಿದ್ದರು. ಆಲ್ಮುಟ್ ಪಕ್ಕದಲ್ಲಿ, ಡೆಟ್ಲೆಫ್ ಹಿಂದಿನ ಸಾಲಿನಲ್ಲಿ.

“ನೋಡು, ಅವಳು ಸತ್ರೂ ಅದು ಸಿನಿಮಾ ಕಣೇ,” ದೀಪ ಆರುವ ಮುಂಚೆ ಅವನು ಬಾಗಿ ಹೇಳಿದ. “ಡೆಲಾ ಮನೇಲಿ ಕೂತು ನಾಯಿ ಜೊತೆ ಆಡ್ತಿರ್ತಾಳೆ.”

“ಮುಚ್ಕೊಂಡು ಕೂತ್ಕೋ,” ಎಂದಳು ಆಲ್ಮುಟ್.

ತಾನು ಕಿಂಡಿಯಲ್ಲಿ ಕಂಡಿದ್ದ ಬಾಯಿಗೆ ಒಂದೊಂದಾಗಿ ಕಣ್ಣು, ಕೆನ್ನೆ, ಕೈಗಳು ಕೂಡಿಬರುವುದನ್ನು ರೋಸ್ವಿತಾ ನೋಡಿದಳು. ತಾನು ಸಿಟ್ಟಿನಿಂದ ಹೇಳಿದ್ದ ಮಾತಿಗೆ ಡೆಲಾ ಅಳುತ್ತಿದ್ದಳು. ಅಳುತ್ತ ಹೇಳಿದ್ದ ಮಾತಿಗೆ ಆಲೂಗಡ್ಡೆ ಸುಲಿಯುತ್ತಿದ್ದಳು. ಆದರೂ ಎಲ್ಲ ಸರಿಹೊಂದಿತ್ತು. ಕೊನೆಗೂ ಆ ಮನೆ ಬಂತು. ಗಾಳಿ. ಡೆಲಾ ಕಂದೀಲು ಕೈಗೆತ್ತಿಕೊಂಡಳು. ಒಳಗೆ ಯಾರೋ ಇದ್ದರು, ಕಾಣಲಿಲ್ಲ. ಹೊಸ್ತಿಲಲ್ಲಿ ನಿಂತು ಹೇಳಿದಳು: “ಬಾಗಿಲು ತೆಗೆದೇ ಇಡು. ಈಗ ಬಂದೆ.” ರೋಸ್ವಿತಾಳ ಗಂಟಲು ನಡುಗಿತು. ಡೆಲಾ ಎರಡು ಹೆಜ್ಜೆ ಕತ್ತಲಿಗೆ ಇಳಿದು, ತಟ್ಟನೆ ತಿರುಗಿದಳು. ನೇರವಾಗಿ ನೋಡಿದಳು. ಒಳಗಿದ್ದವರನ್ನೋ, ಟಾಕೀಸಿನಲ್ಲಿ ಕೂತವರನ್ನೋ. ಬಾಯಿ ತೆರೆಯಿತು.

ಆಗ ನಗು ಕೇಳಿಸಿತು.

ಜೋರಾದ, ತುಂಬಿದ, ಹೊಟ್ಟೆಯಿಂದ ಬಂದ ನಗು. ಸಾಸಿವೆಯ ಬನ್ನು ಕಚ್ಚಿದವನನ್ನು ನೋಡಿ ನಕ್ಕಂಥದು. ಅದು ಆ ತೆರೆದ ಬಾಯಿಯಲ್ಲಿ, ಕೈಗೆ ತೊಟ್ಟ ಗವಸಿನ ಹಾಗೆ, ಎಳ್ಳಷ್ಟೂ ಸಡಿಲವಿಲ್ಲದೆ ಕೂತಿತು. ನಗು ನಿಂತಾಗ ಡೆಲಾ ಅಲ್ಲಿರಲಿಲ್ಲ. ತೆರೆದ ಬಾಗಿಲು, ಗಾಳಿಗೆ ಅಲುಗುವ ಕಿಟಕಿಯ ಪರದೆ, ಅಷ್ಟೆ. ಚಿತ್ರ ಅಲ್ಲಿಗೆ ಮುಗಿಯಿತು. ಅವಳು ಸತ್ತಳೋ, ಬಂದಳೋ, ಹೇಳಲಿಲ್ಲ.

ದೀಪ ಹತ್ತಿತು. ಮುಂದೆ ಕೂತಿದ್ದ ಟೋಪಿಯವನೊಬ್ಬ ತಿರುಗಿ ರೋಸ್ವಿತಾಳನ್ನು ದುರುಗುಟ್ಟಿದ. “ನಗೋಕೆ ಬೇರೆ ಜಾಗ ಸಿಗ್ಲಿಲ್ವೇನ್ರೀ?”

“ಅವರ್ಯಾಕೆ ನಗ್ತಾರೆ?” ಎಂದಳು ಆಚೆ ತುದಿಯ ಮುದುಕಿ. “ನಕ್ಕಿದ್ದು ಪಿಕ್ಚರಿನೋಳು. ಎಷ್ಟು ಚೆನ್ನಾಗಿ ನಕ್ಳು!”

ಡೆಟ್ಲೆಫ್‌ನ ಮುಖ ಹಿಟ್ಟಿನಂತಾಗಿತ್ತು. ಆಲ್ಮುಟ್ ಮೆಲ್ಲಗೆ ಕೇಳಿದಳು: “ನೀನೇ ಅಲ್ವೇನೇ? ನಿಜ ಹೇಳು. ನಿನ್ನ ಬಾಯಿ ತೆರ್ದಿತ್ತು, ನಾನು ನೋಡ್ದೆ.”

ರೋಸ್ವಿತಾ ಇಲ್ಲವೆಂದು ತಲೆಯಲ್ಲಾಡಿಸಿದಳು. ಬಾಯಿ ತೆರೆದಿದ್ದು ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬೇಕರಿಯಲ್ಲಿ ಎಂದಿನಂತೆ ಬೆರಳು ಎತ್ತಿದವಳು, ಯಾಕೆಂದು ತಿಳಿಯದೆ, ಬಾಯಿ ತೆರೆದು ಹೇಳಿದಳು: “ಎರಡು ಬನ್ನು ಕೊಡಿ.”

ದನಿ ಬಂತು. ದುಂಡಗೆ, ಬೆಚ್ಚಗೆ, ಏನೂ ಆಗಿಲ್ಲವೆಂಬಂತೆ.

ಬೇಕರಿಯವಳು ಬುಟ್ಟಿ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡಳು. “ಅಯ್ಯೋ ದೇವ್ರೇ! ಬಂದ್ರಾ ಡೆಲಾ ಮೇಡಂ? ಇಷ್ಟು ದಿನ ಎಲ್ಲಿಗೆ ಹೋಗಿದ್ರಿ?”

ರೋಸ್ವಿತಾ ನಗಬೇಕೆಂದುಕೊಂಡಳು, ಅಳಬೇಕೆಂದುಕೊಂಡಳು. ಅಷ್ಟರಲ್ಲಿ ಅವಳಿಗೆ ಅದು ಅರಿವಾಯಿತು. ಎರಡು ಬನ್ನು ಎನ್ನುವ ಮುಂಚೆ, ರೊಟ್ಟಿಯ ಪುಡಿ ನುಂಗಿದ ಹಾಗೆ, ಸಣ್ಣದೊಂದು ಉಸಿರಿನ ತಡೆ. ಸ್ಟುಡಿಯೋದಲ್ಲಿ ಡೆಲಾಳಿಗಾಗಿ ಅದನ್ನು ಅವಳು ಹಿಡಿಯುತ್ತಿದ್ದಳು, ಹೌದು. ಮನೆಯಲ್ಲಿ, ಅಂಗಡಿಯಲ್ಲಿ, ಬೆಕ್ಕಿನೊಡನೆ ಅದು ಎಂದೂ ಅವಳದಾಗಿರಲಿಲ್ಲ. ಇನ್ನೊಮ್ಮೆ ಪರೀಕ್ಷಿಸಲೆಂದು “ಎಷ್ಟಾಯ್ತು?” ಎಂದಳು. ಮತ್ತೆ ಮೊದಲು ತಡೆ, ಆಮೇಲೆ ಮಾತು.

ಡೆಲಾಳ ಮುಂದಿನ ಚಿತ್ರಕ್ಕೆ ರೋಸ್ವಿತಾಳೇ ದನಿ ಕೊಡುತ್ತಿದ್ದಾಳೆ. ಈಗ ಅವಳು ಪ್ರತಿ ದಿನದ ಕೊನೆಯ ಟೇಕ್ ಆದ ಮೇಲೆ, ಅದು ಟೀ ಕೇಳುವ ಮಾತಾಗಿದ್ದರೂ, ಮೈಕಿನ ಮುಂದೆ ನಿಂತು ನಗುತ್ತಾಳೆ. ಯಾರೂ ಅವಳನ್ನು ರೇಗಿಸುವುದಿಲ್ಲ, ಡೆಟ್ಲೆಫ್ ಕೂಡ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಬೇಕು. ಆಲ್ಮುಟ್ ಸ್ಟುಡಿಯೋದಲ್ಲಿ ಉಳಿದಿದ್ದ ಧ್ವನಿಯನ್ನೆಲ್ಲ ಜಾಲಾಡಿದಳು. ಆ ಜಾಗದಲ್ಲಿ ನಗು ಇಲ್ಲ. ಅದೇ ಟಾಕೀಸಿಗೆ, ಅದೇ ಆಟಕ್ಕೆ, ಅವಳೊಬ್ಬಳೇ ಮತ್ತೆ ಹೋಗಿ ಕೂತಳು. ಡೆಲಾ ತಿರುಗಿದಳು, ಬಾಯಿ ತೆರೆಯಿತು, ಏನೂ ಕೇಳಿಸಲಿಲ್ಲ. ಹಾಗಾದರೆ ಅವತ್ತು ನಕ್ಕವರು ಯಾರು, ಆ ಮಧ್ಯಾಹ್ನ ರೋಸ್ವಿತಾ ವಾಪಸ್ ತಂದದ್ದು ತನ್ನ ಉಸಿರನ್ನೋ ಇನ್ನೊಬ್ಬಳದನ್ನೋ, ನನಗೆ ತಿಳಿಯದು. ರೋಸ್ವಿತಾಳನ್ನೂ ಕೇಳಿದೆ. ಅವಳು ಒಂದು ಗಳಿಗೆ ತಡೆದು, ಆಮೇಲೆ, “ನಂಗೂ ಗೊತ್ತಿಲ್ಲ,” ಎಂದಳು.